ಹೆಸರು ಕೇಳುವ ಪುಟ

ನನ್ನ ಹೆಂಡತಿ ಆಂಥೂಲಾ ತೀರಿಕೊಂಡ ಮೇಲೆ, ದೇವರು ಅವಳ ಆತ್ಮಕ್ಕೆ ನೆಮ್ಮದಿ ಕೊಡಲಿ, ಮನೆಯಲ್ಲಿ ಕೂರಲಾರದೆ ಸ್ಟೆರ್ಗಿಯೋಸನ ಕಂಪನಿಗೆ ಹೋಗತೊಡಗಿದೆ. ನಾನು ಬ್ಯಾಂಕಿನ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆದು ನಿವೃತ್ತನಾದವನು. ಸ್ಟೆರ್ಗಿಯೋಸ್ ನನ್ನ ಹಳೆಯ ಸಹೋದ್ಯೋಗಿಯ ಮಗ. ಗ್ರೀಸಿನ ನಮ್ಮ ಯಾನಿನಾ ಊರಿನ ಸರೋವರದ ದಂಡೆಯಲ್ಲಿ, ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಅವರು ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ಮಾಡುತ್ತಿದ್ದರು. ಮಾತ್ರೆ ತಪ್ಪಿದರೆ ಆಪ್ತರೊಬ್ಬರಿಗೆ ಸುದ್ದಿ ಹೋಗಬೇಕು, ಅದೇ ಅದರ ಜೀವಾಳ. ಔಷಧದಂಗಡಿಗಳ ಸಂಘ ಕೊಳ್ಳುವುದಾಗಿ ಹೇಳಿತ್ತು. ಕೊಳ್ಳದಿದ್ದರೆ ಕಂಪನಿ ಬೇಸಿಗೆಯನ್ನು ಕಾಣುವಂತಿರಲಿಲ್ಲ.

ತೊಡಕಿದ್ದದ್ದು ಒಂದೇ ಪುಟದಲ್ಲಿ. 'ಯಾರಿಗೆ ತಿಳಿಸಬೇಕು?' ಎಂದು ಕೇಳುವ ಪುಟ. ಅರ್ಧದಷ್ಟು ಜನ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಕಂಪನಿಯ ಹುಡುಗರು ಗುಂಡಿಯ ಬಣ್ಣ ಬದಲಿಸಿದರು, ಅಕ್ಷರ ದಪ್ಪ ಮಾಡಿದರು. ಏನೂ ಆಗಲಿಲ್ಲ.

ಕೊನೆಗೆ ಬೇಕರಿಗೆ ದಿನವೂ ಬರುವ ಪೊಲಿಕ್ಸೇನಿ ಎಂಬ ಮುದುಕಿಯನ್ನು ಸ್ಟೆರ್ಗಿಯೋಸ್ ಮೇಲೆ ಕರೆದ. ಕಂಪನಿಯಲ್ಲೊಂದು ಕಟ್ಟಳೆ: ಆ್ಯಪ್ ಒತ್ತಿ ನೋಡಲು ಕೂತವರು ಎಷ್ಟೇ ತಡವರಿಸಲಿ, ನೋಡುವವರು ತುಟಿ ಬಿಚ್ಚಬಾರದು. ಸಹಾಯ ಮಾಡಿದರೆ ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ.

"ಹೀಗೆ ಸುತ್ತ ಕೂತು ದಿಟ್ಟಿಸ್ತೀರಲ್ಲ, ನಾನಿನ್ನೂ ಸತ್ತಿಲ್ಲ ಕಣ್ರೋ. ಒಂದು ಕಾಫಿನಾದ್ರೂ ಕೊಡಿ," ಎಂದರು ಆಕೆ.

"ಕೊಡ್ತೀವಿ ಕಿರಿಯಾ ಪೊಲಿಕ್ಸೇನಿ, ಮೊದ್ಲು ಇದನ್ನ ಮುಗ್ಸಿ," ಎಂದ ಸ್ಟೆರ್ಗಿಯೋಸ್. ಕಿರಿಯಾ ಎಂದರೆ ನಮ್ಮಲ್ಲಿ ಅಮ್ಮಾ ಎಂದಂತೆ, ಗಂಡಸರಿಗಾದರೆ ಕೀರ್.

ಆಕೆ ಚುರುಕಾಗಿಯೇ ಒತ್ತುತ್ತ ಹೋದರು. ಆ ಪುಟ ಬಂದಾಗ ಬೆರಳು ನಿಂತಿತು.

"ಕೀರ್ ಲಾಂಬ್ರೋ, ಗುಂಡಿ ಇನ್ನೂ ದೊಡ್ಡದು ಮಾಡ್ಬೇಕು," ಎಂದು ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಆದರೆ ಗುಂಡಿ ಆಕೆಗೆ ಕಂಡಿತ್ತು, ಕಣ್ಣು ಅದರ ಮೇಲೆಯೇ ಇತ್ತು. ಮೊದಲ ದಿನ ನನ್ನ ಫೋನಿನಲ್ಲಿ ಆ ಪುಟ ಬಂದಾಗ ನಾನು ಆಂಥೂಲಾ ಎಂದು ಬರೆದಿದ್ದೆ. ಚರ್ಚಿನಲ್ಲಿ ಪ್ರಾರ್ಥನೆಗೆಂದು ಪಾದ್ರಿಗೆ ಕೊಡುವ ಚೀಟಿಯಲ್ಲಿ ಸತ್ತವರ ಹೆಸರೂ ನಡೆಯುತ್ತದೆ; ಇಲ್ಲಿ ಬದುಕಿರುವವರದೇ ಬೇಕು. ಅದು ನನ್ನೊಬ್ಬನ ಸಂಕಟ ಎಂದುಕೊಂಡಿದ್ದೆ.

"ಇಲ್ಲಿ ಯಾರನ್ನ ಬರೀಲಿ ಮಗೂ?" ಎಂದರು ಪೊಲಿಕ್ಸೇನಿ. "ಗಂಡ ಸೊಟಿರಿಸ್ ಹೋದ. ತಂಗಿ ಹೋದ್ಲು. ಪಕ್ಕದ ಮನೆಯವಳ ಜೊತೆ ಮಾತು ಬಿಟ್ಟಾಗಿದೆ. ಅವಳ ಹೆಸ್ರು ಬರೆದು ಅವಳಿಗೆ ಆ ಖುಷಿ ಕೊಡಲ್ಲ."

ನಾನು ಕಟ್ಟಳೆ ಮುರಿದೆ. "ನೀವು ಎರಡು ದಿನ ಕಾಣ್ದಿದ್ರೆ ಯಾರು ವಿಚಾರಿಸ್ತಾರೆ?"

"ಔಷಧದಂಗಡಿ ಹುಡುಗಿ. ವಿಚಾರಿಸೋದೇನು, ಬೈತಾಳೆ."

ಆಕೆ ಕಾಫಿ ಕುಡಿದು ಹೋದ ಮೇಲೆ ಸ್ಟೆರ್ಗಿಯೋಸ್ ಆ ಫೋನನ್ನು ಎತ್ತಿಕೊಂಡ. "ಹೆಸ್ರು ಬರೀದೇ ಆ ಪುಟ ದಾಟೋಕೆ ಒಂದು ಗುಂಡಿ ಹಾಕಿಬಿಟ್ರೆ ಬಿಟ್ಟು ಹೋಗೋರ ಲೆಕ್ಕ ಸರಿಹೋಗುತ್ತೆ. ಸಂಘದವರು ಒಪ್ತಾರೆ," ಎಂದ.

"ಒಪ್ತಾರೆ. ಆದ್ರೆ ಆಕೆ ಮಾತ್ರೆ ಮರೆತ ದಿನ ಯಾರಿಗೆ ಗೊತ್ತಾಗುತ್ತೆ?"

"ಆಪ್ತರ ಜಾಗಕ್ಕೆ ನಿಮ್ಮ ಹೆಸ್ರು ಕೊಡಿ ಅಂತ ಔಷಧದಂಗಡಿಯವರನ್ನೇ ಕೇಳಿದ್ರೆ ಅವರು ಓಡಿ ಹೋಗ್ತಾರೆ ಕೀರ್ ಲಾಂಬ್ರೋ."

"ಕೆಲವರು ನಿಲ್ಲಬಹುದಪ್ಪ."

ಅವನು ಆ ಕೋರಿಕೆಯನ್ನೇ ಹೊತ್ತು ಸಂಘಕ್ಕೆ ಹೋದ. ಹೆದರಿದಂತೆಯೇ ಆಯಿತು. ನಮಗೆ ಅಂಗಡಿ ನೋಡಿಕೊಳ್ಳುವುದೇ ಸಾಕಾಗಿದೆ ಎಂದು ಸಂಘ ಕೈಬಿಟ್ಟಿತು. ಪೊಲಿಕ್ಸೇನಿಯನ್ನು ಬೈಯುವ ಔಷಧದಂಗಡಿಯ ಹುಡುಗಿ ಮತ್ತು ಇನ್ನು ಕೆಲವು ಅಂಗಡಿಯವರು ಮಾತ್ರ ಉಳಿದರು. ಒಂದು ಕೋಣೆ ಬಿಟ್ಟುಕೊಟ್ಟೆವು. ಹುಡುಗರಲ್ಲಿ ಇಬ್ಬರು ಬೇರೆ ಕೆಲಸಕ್ಕೆ ಅಥೆನ್ಸಿಗೆ ಹೋದರು, ಅವರನ್ನು ದೂರಲಾರೆ. ಆದರೂ ಕಂಪನಿ ಬೇಸಿಗೆ ದಾಟಿತು.

ಈಗ ಸ್ಟೆರ್ಗಿಯೋಸ್ ಅಂಗಡಿ ಅಂಗಡಿಗೆ ತಾನೇ ಹೋಗಿ ಹೆಸರು ಕೊಡುತ್ತೀರಾ ಎಂದು ಕೇಳುತ್ತಾನೆ, ನಾನೂ ಜೊತೆಗಿರುತ್ತೇನೆ. ಹೋದ ವಾರ ಮೆಟ್ಸೊವೊ ಎಂಬ ಊರಿನಲ್ಲಿ ಒಬ್ಬ ಅಂಗಡಿಯವನು ಇವನ ಮಾತು ಮುಗಿಯುವ ಮೊದಲೇ ಒಪ್ಪಿ ತಲೆಯಾಡಿಸಿದ.

"ಯಾರು ಬರಲಿಲ್ಲ ಅಂತ ಹೇಗೂ ಯೋಚ್ನೆ ಮಾಡ್ತಾನೇ ಇರ್ತೀನಿ. ಫೋನೂ ಹೇಳ್ಲಿ ಬಿಡಿ."