ಸೊಟ್ಟ ಬಾಯಿಯ ಪಾಠ

ಕನ್ನಡಿಯ ಮುಂದೆ ನಿಂತು ಕೆನ್ನೆ ಉಬ್ಬಿಸಬೇಕಂತೆ, ಸಿಳ್ಳೆ ಹಾಕಬೇಕಂತೆ. ಡಾಕ್ಟರಿಗೇನು, ಹೇಳುವುದು ಸುಲಭ. ನರ ಊದಿಕೊಂಡು ನನ್ನ ಅರ್ಧ ಮುಖ ಜೋತುಬಿದ್ದಿದೆ. ಚಹಾ ಕುಡಿದರೆ ಅರ್ಧ ಬಟ್ಟೆಯ ಮೇಲೆ. ಮಲಗುವಾಗ ಕಣ್ಣು ಮುಚ್ಚಲೂ ಪಟ್ಟಿ ಅಂಟಿಸಬೇಕು. ಯಾವಾಗ ಸರಿಹೋಗುತ್ತದೆ ಎಂದು ಕೇಳಿದರೆ ಸಮಾಧಾನದಿಂದಿರಿ ಎನ್ನುತ್ತಾರೆ. ಸಮಾಧಾನವನ್ನು ಔಷಧಿ ಅಂಗಡಿಯಲ್ಲಿ ಮಾರುತ್ತಾರೆಯೇ?

ಬೇರೆ ಕೆಲಸವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ನಾನು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಟೀಚರು. ಅವರು ನನ್ನ ತುಟಿ ನೋಡಿಯೇ ಕಲಿಯಬೇಕು. ರಜಾ ಹಾಕಿ ಎಂದು ಹೆಡ್ ಮೇಡಂ ದಿನಾ ಜೀವ ತಿನ್ನುತ್ತಿದ್ದರು. ನಾನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕಾರಣ ಗುಬ್ಬಿ, ತರಗತಿಗೇ ಚಿಕ್ಕವಳು. ಅವಳಪ್ಪ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಈ ಸಲ ಅವನು ಬಂದಾಗ ಅವಳು ‘ಅಪ್ಪ’ ಎನ್ನಬೇಕು, ಅದನ್ನು ನಾನೇ ಕಲಿಸಬೇಕು ಎಂಬ ಹಟ ನನಗೆ.

‘ಪ’ ಕಲಿಸುವಾಗ ತುಟಿಯ ಮುಂದೆ ಕಾಗದದ ಚೂರೊಂದನ್ನು ಹಿಡಿಯುತ್ತೇವೆ. ಸರಿಯಾಗಿ ಅಂದರೆ ಅದು ಅಲ್ಲಾಡುತ್ತದೆ. ನಾನು ‘ಪ’ ಎಂದರೆ ಗಾಳಿಯೆಲ್ಲ ಜೋತ ಕಡೆಯಿಂದ ಸೋರಿಹೋಗಿ ಕಾಗದ ಮಿಸುಕುತ್ತಲೇ ಇರಲಿಲ್ಲ. ಸಿಟ್ಟಿಗೆ ಅದನ್ನು ಹರಿದೆಸೆದದ್ದೂ ಉಂಟು. ಬಾಯಿಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ದಮ್ಮು ಕಟ್ಟಿ ಅಂದರೆ ಮಾತ್ರ ಕೊಂಚ ಅಲ್ಲಾಡುತ್ತಿತ್ತು. ಹಾಗೇ ತೋರಿಸುತ್ತ ಹೋದೆ. ಅಂತೂ ಗುಬ್ಬಿಯ ಕಾಗದವೂ ಹಾರಿತು. ಮುಚ್ಚಲಾಗದ ನನ್ನ ಕಣ್ಣಲ್ಲಿ ಸದಾ ನೀರು. ನಾನು ನೋಡಿದ್ದು ಕಾಗದವನ್ನಷ್ಟೇ.

ಅವಳಪ್ಪ ಬಂದು ತರಗತಿಯ ಬಾಗಿಲಲ್ಲಿ ನಿಂತ. ಗುಬ್ಬಿ ಓಡಿಹೋಗಿ, ಬಾಯಿಯನ್ನು ಪಕ್ಕಕ್ಕೆ ಎಳೆದು, ಒಂದು ಕಣ್ಣನ್ನು ಅಗಲಿಸಿ, ‘ಅಪ್ಪ’ ಅಂದಳು. ಎಷ್ಟು ಸ್ಪಷ್ಟವಾಗಿ ಅಂದಳು! ಅವನು ಮಗಳ ಮುಖ ನೋಡಿದ, ನನ್ನ ಮುಖ ನೋಡಿದ, ನಾಚಿಕೆಯಿಂದ ಕುಗ್ಗಿಹೋದ.

“ಟೀಚರನ್ನೇ ಅಣಕಿಸ್ತೀಯೇನೇ?” ಎಂದು ಕೈ ಎತ್ತಿದ.

“ಅಣಕಿಸ್ತಿಲ್ಲ ಕಣ್ರೀ, ನಾನು ಕಲಿಸಿದ್ದೇ ಹಾಗೆ,” ಎಂದು ಅಡ್ಡ ಹೋದೆ.

ಗುಬ್ಬಿಗೆ ಇದೊಂದೂ ಕೇಳಿಸಲಿಲ್ಲ. ಸರಿಯಾಯಿತೇ ಎಂದು ನನ್ನತ್ತ ನೋಡಿದಳು. ನಕ್ಕೆ. ನನ್ನ ಈಗಿನ ನಗು ಮುಖ ಸಿಂಡರಿಸಿದ ಹಾಗಿರುತ್ತದೆ. ತಪ್ಪಾಯಿತೆಂದುಕೊಂಡು ಅವಳು ಬಾಯಿಯನ್ನು ಇನ್ನಷ್ಟು ಎಳೆದು ಮತ್ತೆ ಅಂದಳು. ಜೋತ ಅರ್ಧವನ್ನು ಅಂಗೈಯಿಂದ ಮುಚ್ಚಿಕೊಂಡು, ಉಳಿದರ್ಧದಲ್ಲಿ ನೆಟ್ಟಗೆ ‘ಅಪ್ಪ’ ಎಂದು ತೋರಿಸಿದೆ.

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ತನ್ನ ಕೆನ್ನೆಯನ್ನೂ ಅಂಗೈಯಿಂದ ಮುಚ್ಚಿಕೊಂಡು, ‘ಅಪ್ಪ’ ಅಂದಳು.

ಹೆಡ್ ಮೇಡಂ ಕೋಣೆಗೆ ಹೋಗಿ ರಜಾ ಬೇಕು ಎಂದೆ.