ಸಾರೆಲ್ ಹಳ್ಳದ ನೀರು ಕಪ್ಪಾದ ದಿನ

ಸಾರೆಲ್ ಕಣಿವೆಯಲ್ಲಿ ಹಳ್ಳದ ದಡದಲ್ಲಿ ಡೇರೆ ಹಾಕುವ ಜಾಗ ಸಿಕ್ಕಿತು ಅಂದರೆ ಊರೆಲ್ಲ ಹೇಳಿಕೊಂಡು ತಿರುಗುವ ವಿಷಯ. ಪಟಾಕಿ ಹೊಡೆಯುವ ಜುಲೈ ಹಬ್ಬದ ವಾರ ಅಮೆರಿಕದ ಯೂಟಾ ರಾಜ್ಯದ ಅರ್ಧ ಜನ ಡೇರೆ ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ರಾಷ್ಟ್ರೀಯ ಅರಣ್ಯದವರು ಆ ಜಾಗಗಳ ಬುಕಿಂಗನ್ನು ಹಿಮ ಬೀಳುವ ಕಾಲದಲ್ಲೇ ತೆರೆಯುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ದಡದ ಜಾಗಗಳು ಮುಗಿದಿರುತ್ತವೆ. ಆಮೇಲೆ ಬಂದವರಿಗೆ ಮೇಲಿನ ದಿಬ್ಬ, ಬಿಸಿಲು, ಕಲ್ಲುನೆಲ.

ಆ ಸಲ ಕೇಲೀನ್‌ಗೆ ದಡದ ಜಾಗವೇ ಸಿಕ್ಕಿತು. ಅವಳು ಕುರ್ಚಿಯಿಂದ ಎದ್ದು ಅಡುಗೆಮನೆಯಲ್ಲೇ ಕುಣಿದಳು. ಗಂಡ ಥೇನ್ ಬಂದು ಬೆನ್ನು ತಟ್ಟಿದ. ಅತ್ತೆ ವರ್ಡಾ, "ನಿಮ್ಮಪ್ಪ ಇದ್ದಾಗ ನಾವು ಇಳೀತಿದ್ದ ಜಾಗವೇ ಕಣೋ ಅದು" ಅಂದಳು. ಮೈದುನ ಡಾಲಿನ್‌ಗೆ ಫೋನ್ ಮಾಡಿದಾಗ ಅವನು ತಾನು ಓಡಿಸುವ ಶಾಲೆ ಬಸ್ಸು ನಿಲ್ಲಿಸಿಕೊಂಡು ಕೂತಿದ್ದ.

"ಅತ್ತಿಗೆ, ಪೀಚ್ ಹಣ್ಣಿನ ಸಿಹಿ ನಂದು" ಅಂದ. "ಕಬ್ಬಿಣದ ಪಾತ್ರೆ, ಕೆಂಡ, ಎಲ್ಲಾ ನಂದೇ. ಯಾರೂ ಮುಚ್ಚಳ ತೆಗೆದು ಇಣುಕೋ ಹಾಗಿಲ್ಲ, ಈಗ್ಲೇ ಹೇಳಿದೀನಿ."

"ಹೋದ ಸಲ ಸೀದು ಹೋಗಿತ್ತಲ್ಲ ಮಾರಾಯ!"

"ಅದು ಸೀದಿದ್ದಲ್ಲ, ಅದೇ ರುಚಿ!"

ಪಕ್ಕದ ಮನೆಯ ಜಾನಲೀ ಮಾತ್ರ ಸುದ್ದಿ ಕೇಳಿ ನಗಲಿಲ್ಲ. ಜಾನಲೀ ಊರಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಗುಡ್ಡದಲ್ಲಿ ದಾರಿ ತಪ್ಪಿದವರನ್ನು, ನೀರಿನಲ್ಲಿ ಸಿಕ್ಕಿಕೊಂಡವರನ್ನು ಹುಡುಕಿ ತರುವ ಸ್ವಯಂಸೇವಕರ ತಂಡದಲ್ಲೂ ಇದ್ದಾಳೆ. ಥೇನ್ ಅವಳ ಜೊತೆಗೇ ಶಾಲೆ ಕಲಿತವನು.

"ದಡದ ಜಾಗ ಬೇಡ ಕಣೋ ಥೇನ್" ಅಂದಳು. "ಹೋದ ಶರತ್ಕಾಲದಲ್ಲಿ ಕಣಿವೆ ನೆತ್ತಿ ಮೇಲೆ ಬೆಂಕಿ ಬಿದ್ದಿತ್ತಲ್ಲ. ಅಲ್ಲೀಗ ಹುಲ್ಲಿಲ್ಲ, ಪೊದೆ ಇಲ್ಲ. ಸುಟ್ಟ ಮಣ್ಣು ನೀರು ಕುಡಿಯಲ್ಲ. ಸ್ವಲ್ಪ ಮಳೆ ಬಿದ್ರೂ ಸಾಕು, ಬೂದಿ, ಬಂಡೆ, ದಿಮ್ಮಿ ಎಲ್ಲಾ ಸೇರಿ ಕೆಳಗೆ ನುಗ್ಗುತ್ತೆ."

"ಸಾರೆಲ್ ಹಳ್ಳ ನುಗ್ಗುತ್ತಾ?" ಥೇನ್ ನಕ್ಕ. "ಮೊಣಕಾಲು ನೆನೆಯಲ್ಲ ಆ ನೀರಲ್ಲಿ. ನಮ್ಮ ತಾತನ ಕಾಲದಿಂದ ಅಲ್ಲೇ ಇಳೀತಾ ಬಂದಿದೀವಿ. ನಿನಗೆ ಎಲ್ಲೆಲ್ಲೂ ಹೆಣಾನೇ ಕಾಣುತ್ತೆ ಬಿಡು."

"ನಿಮ್ಮ ತಾತನ ಕಾಲದಲ್ಲಿ ಆ ಗುಡ್ಡ ಸುಟ್ಟಿರ್ಲಿಲ್ಲ. ದಿಬ್ಬದ ಮೇಲಿನ ಜಾಗಕ್ಕೆ ಬದಲಾಯಿಸ್ಕೊಳ್ಳಿ. ಅಷ್ಟೇ ನಾನು ಹೇಳೋದು."

"ಬಿಸಿಲಲ್ಲಿ ಒಣಗೋಕೆ ಅಲ್ಲಿಗ್ಯಾಕೆ ಹೋಗ್ಬೇಕು? ಮನೆ ಹಿತ್ತಲೇ ಸಾಕಲ್ಲ!"

ಜಾನಲೀ ಕೇಲೀನ್ ಕಡೆ ತಿರುಗಿದಳು. "ನೀನಾದ್ರೂ ಕೇಳೇ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಯಾರೂ ನಿಮಗೆ ಹೇಳೋಕಾಗಲ್ಲ. ನಿಮ್ಮ ತಲೆ ಮೇಲೆ ಆಕಾಶ ನೀಲಿಯಾಗೇ ಇರುತ್ತೆ, ಮಳೆ ಮೇಲೆಲ್ಲೋ ಬಿದ್ದಿರುತ್ತೆ. ಹಳ್ಳದ ನೀರು ಕಪ್ಪಾಯ್ತು ಅಂದ್ರೆ ಏನನ್ನೂ ಎತ್ಕೋಬೇಡ. ಗುಡ್ಡ ಹತ್ತು. ಗಾಡಿ, ಚೀಲ, ಚಪ್ಪಲಿ, ಯಾವುದೂ ಬೇಡ."

ಕೇಲೀನ್ ತಲೆಯಾಡಿಸಿದಳು. ಗಂಡನಿಗೆ ಮತ್ತೊಮ್ಮೆ ಹೇಳಿಯೂ ನೋಡಿದಳು. ಆದರೆ ಥೇನ್ ಆ ವರ್ಷವಷ್ಟೇ ಗಾಡಿಯ ಹಿಂದೆ ಕಟ್ಟಿ ಎಳೆಯುವ ಹೊಸ ಟ್ರೇಲರ್ ಕೊಂಡಿದ್ದ. ಒಳಗೆ ಮಂಚ, ಒಲೆ, ತಾಯಿಗೆಂದೇ ಮೆತ್ತನೆಯ ಕುರ್ಚಿ. ಅದನ್ನು ದಡದ ಮರಗಳ ನೆರಳಿನಲ್ಲಿ ನಿಲ್ಲಿಸುವುದೇ ಅವನ ಕನಸಾಗಿತ್ತು. ಮಾತು ಅಲ್ಲಿಗೇ ನಿಂತಿತು.

ಜುಲೈ ಬಂತು. ಕಣಿವೆಯ ಬಾಯಲ್ಲಿ ಅರಣ್ಯದವರು ಎಚ್ಚರಿಕೆಯ ಹಲಗೆ ನೆಟ್ಟಿದ್ದರು: ಮೇಲೆ ಸುಟ್ಟ ಪ್ರದೇಶವಿದೆ, ಮಳೆಯಾದರೆ ದಿಢೀರ್ ಪ್ರವಾಹ ಬರಬಹುದು. ಮುಂದೆ ಟ್ರೇಲರ್ ಎಳೆಯುತ್ತಿದ್ದ ಪಿಕಪ್, ಹಿಂದೆ ಡಾಲಿನ್‌ನ ಹಳೇ ಕಾರು. ಯಾರೂ ನಿಲ್ಲಿಸಿ ಓದಲಿಲ್ಲ.

ಮೊದಲ ದಿನ ಚೆನ್ನಾಗಿತ್ತು. ಹಾಗಂತ ಹೇಳಲೇಬೇಕು, ಏಕೆಂದರೆ ಆಮೇಲೆ ಕೇಲೀನ್ ನೆನೆದು ನೆನೆದು ಅತ್ತದ್ದು ಆ ದಿನವನ್ನೇ. ವರ್ಡಾ ಕಾಲನ್ನು ತಣ್ಣೀರಿಗೆ ಇಳಿಬಿಟ್ಟು ಚರ್ಚಿನ ಹಾಡು ಗುನುಗಿದಳು. ಡಾಲಿನ್ ಹಿಡಿದ ಮೀನು ಅವನ ಅಂಗೈಯಷ್ಟೂ ಇರಲಿಲ್ಲ. ಅದಕ್ಕೆ ಅವನು ಕ್ಷಮೆ ಕೇಳಿ ವಾಪಸ್ ನೀರಿಗೆ ಬಿಟ್ಟ.

ಮರುದಿನ ಮಧ್ಯಾಹ್ನ ಊಟ ಮುಗಿದಿತ್ತು. ಡಾಲಿನ್ ಕೆಂಡದ ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ದೂರದಲ್ಲೊಮ್ಮೆ ಗುಡುಗಿದಂತಾಯಿತು.

"ಹಬ್ಬದ ಪಟಾಕಿ ಇರ್ಬೇಕು" ಅಂದ ಥೇನ್.

ಪಾತ್ರೆ ತೊಳೆಯಲು ಕೇಲೀನ್ ಹಳ್ಳಕ್ಕೆ ಇಳಿದಳು. ಒದ್ದೆ ಬೂದಿಯ ವಾಸನೆ ಮೂಗಿಗೆ ಬಡಿಯಿತು, ಉರಿಯುವ ಒಲೆಗೆ ನೀರು ಸುರಿದ ಹಾಗೆ. ನೋಡಿದರೆ ಕಾಲ ಕೆಳಗಿನ ನೀರು ಕಪ್ಪಗಾಗಿತ್ತು. ಅದರಲ್ಲಿ ಇದ್ದಿಲ ಚೂರು ತೇಲಿ ಬರುತ್ತಿತ್ತು.

"ಹತ್ತಿ! ಎಲ್ಲಾ ಮೇಲಕ್ಕೆ ಹತ್ತಿ!" ಅಂತ ಕಿರುಚಿಕೊಂಡು ಅವಳು ಅತ್ತೆಯ ತೋಳು ಹಿಡಿದು ಎಳೆದಳು. ವರ್ಡಾಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಥೇನ್ ಗಾಬರಿಯಾಗಿ ಬಂದು ತಾಯಿಯ ಇನ್ನೊಂದು ತೋಳು ಹಿಡಿದ. ಡಾಲಿನ್ ಹಿಂದಿನಿಂದ ತಾಯಿಯ ಬೆನ್ನು ತಳ್ಳುತ್ತಾ, "ಅಮ್ಮ, ಪ್ರಾಯದಲ್ಲಿ ಬೆಟ್ಟ ಹತ್ತಿದ್ದೇ ಹತ್ತಿದ್ದು ಅಂತಿದ್ದೆಯಲ್ಲ, ತೋರ್ಸು ಈಗ" ಅಂದ. ನಾಲ್ವರೂ ಇಳಿಜಾರಿನ ಅರ್ಧ ಹತ್ತಿದ್ದರು. ಅಲ್ಲಿಗೆ ಬದುಕಿದಂತೆಯೇ ಆಗಿತ್ತು.

ಥೇನ್ ಕೆಳಗೆ ತಿರುಗಿ ನೋಡಿದ. ನೀರು ದಡದಷ್ಟೇ ಇತ್ತು. ಟ್ರೇಲರ್ ನೆರಳಿನಲ್ಲಿ ಹೊಳೆಯುತ್ತಾ ನಿಂತಿತ್ತು.

"ಡಾಲಿನ್, ಪಿಕಪ್ಪಿನ ಬೀಗದ ಕೈ ಮೇಜಿನ ಮೇಲಿದೆ ಕಣೋ. ಟ್ರೇಲರನ್ನ ಒಂಚೂರು ರಸ್ತೆಗೆ ಎಳೆದುಬಿಡು. ಇನ್ನೂ ಟೈಮಿದೆ."

"ಬೇಡ!" ಅಂದಳು ಕೇಲೀನ್. "ಡಾಲಿನ್, ಬೇಡ ಕಣೋ!"

"ಇದೋ ಬಂದೆ ಅತ್ತಿಗೆ. ನನ್ನ ಪೀಚನ್ನೂ ತರ್ತೀನಿ" ಅಂದವನೇ ನಗುತ್ತಾ ಜಾರುತ್ತಾ ಇಳಿದುಹೋದ.

ಅವನು ಪಿಕಪ್ಪಿನ ಬಾಗಿಲು ತೆರೆದದ್ದನ್ನು ಮೂವರೂ ನೋಡಿದರು. ಕಣಿವೆಯ ತಿರುವಿನಿಂದ ಗೂಡ್ಸ್ ರೈಲು ಬಂದಂತೆ ಸದ್ದಾಯಿತು. ಬಂದದ್ದು ನೀರಿನಂತಿರಲಿಲ್ಲ. ಸುಟ್ಟ ಮರಗಳನ್ನು ಎದುರಿಗೆ ತಳ್ಳಿಕೊಂಡು ಬಂದ ಕರೀ ಕೆಸರಿನ ಗೋಡೆ ಅದು. ಡಾಲಿನ್ ಒಮ್ಮೆ ಮೇಲೆ ನೋಡಿದ. ಕೂಗಿದನೋ ಏನೋ, ಕೇಳಿಸಲಿಲ್ಲ. ಟ್ರೇಲರ್ ಬೆಂಕಿಪೊಟ್ಟಣದಂತೆ ತಿರುಗಿತು. ಪಿಕಪ್ ಮಗುಚಿತು. ಆಮೇಲೆ ಅಲ್ಲಿ ಮರಗಳೂ ಇರಲಿಲ್ಲ, ದಡವೂ ಇರಲಿಲ್ಲ.

ವರ್ಡಾ ಮಗನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಥೇನ್ ಕೆಳಕ್ಕೆ ಹಾರಲು ಹೋದ. ಕೇಲೀನ್ ಅವನ ಬೆಲ್ಟು ಹಿಡಿದುಕೊಂಡು ನೆಲಕ್ಕೆ ಬಿದ್ದಳು, ಬಿಡಲಿಲ್ಲ.

ಸುದ್ದಿ ತಿಳಿದು ಬಂದ ಜಾನಲೀಯ ತಂಡ ಹುಡುಕುವ ನಾಯಿಗಳನ್ನು ತಂದಿತು, ಉದ್ದನೆಯ ಕೋಲುಗಳಿಂದ ಕೆಸರು ಚುಚ್ಚಿ ಚುಚ್ಚಿ ನೋಡಿತು. ಟ್ರೇಲರಿನ ತಗಡು ಸೇತುವೆಯ ಕೆಳಗೆ ಸಿಕ್ಕಿತು. ಪಿಕಪ್ಪೂ ಸಿಕ್ಕಿತು, ಒಳಗೆ ಕೆಸರು ಬಿಟ್ಟು ಏನೂ ಇರಲಿಲ್ಲ. ಡಾಲಿನ್ ಸಿಗಲಿಲ್ಲ. ಹಿಮ ಬೀಳುವವರೆಗೂ ಜಾನಲೀ ಆಗಾಗ ಅಂಗಡಿ ಮುಚ್ಚಿ ಹುಡುಕಲು ಹೋಗುತ್ತಿದ್ದಳು, ಬರಿಗೈಲಿ ಬಂದು ವರ್ಡಾಳ ಪಕ್ಕ ಕೂರುತ್ತಿದ್ದಳು. ಶವಪೆಟ್ಟಿಗೆಯಿಲ್ಲದೆಯೇ ಚರ್ಚಿನಲ್ಲಿ ಪ್ರಾರ್ಥನೆ ಆಯಿತು. ಸಾವಿನ ಮನೆಗೆ ಕೊಡುವ ಆಲೂಗಡ್ಡೆ ಚೀಸಿನ ಅಡುಗೆಯನ್ನು ಹೆಂಗಸರು ತಟ್ಟೆ ತಟ್ಟೆ ತಂದಿಟ್ಟರು. ಯಾರೂ ಮುಟ್ಟಲಿಲ್ಲ. ಬಸ್ಸಿನ ಮಕ್ಕಳು ಬಾಗಿಲಲ್ಲಿ ನಿಂತು ಹೋದರು.

ಥೇನ್ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಗ್ಯಾರೇಜಿನಲ್ಲಿ ಕೂರುತ್ತಿದ್ದ. ಕೇಲೀನ್ ಊಟ ತಂದರೆ, "ನಾನೇ ಕಳ್ಸಿದ್ದು" ಅನ್ನುತ್ತಿದ್ದ. ಇಲ್ಲ ಅಂದರೆ ಸುಳ್ಳು, ಹೌದು ಅಂದರೆ ಅವನು ಉಳಿಯುವುದಿಲ್ಲ. ಬಟ್ಟಲು ಇಟ್ಟು ಒಳಗೆ ಬರುತ್ತಿದ್ದಳು.

ಮತ್ತೆ ಬುಕಿಂಗ್ ತೆರೆಯುವ ಕಾಲ ಬಂತು. ಕೆಳದಡದ ಜಾಗಗಳನ್ನು ಅರಣ್ಯದವರು ಶಾಶ್ವತವಾಗಿ ಮುಚ್ಚಿದ್ದರು. ದಿಬ್ಬದ ಮೇಲಿನವು ಮಾತ್ರ ಉಳಿದಿದ್ದವು. ವರ್ಡಾ ಬಂದು ಮೇಜಿನ ಮುಂದೆ ಕೂತಳು.

"ಜಾಗ ಹಿಡಿ ಕೇಲೀನ್."

"ಎಲ್ಲಿ ಅತ್ತೆ?"

"ಕಣಿವೇಲಿ. ಎಲ್ಲರಿಗೂ ಹೂವಿಡೋಕೆ ಒಂದು ಸಮಾಧಿ ಕಲ್ಲಿದೆ. ನನಗೆ ಆ ಕಣಿವೆ ಬಿಟ್ರೆ ಏನಿದೆ? ನನ್ನ ಮಗ ಅಲ್ಲೇ ಇದಾನೆ."

ಥೇನ್ ಬಾಗಿಲಲ್ಲಿ ನಿಂತಿದ್ದ. "ಈ ಮನೆಯಿಂದ ಯಾರೂ ಅಲ್ಲಿಗೆ ಹೋಗಲ್ಲ" ಅಂದ.

"ಹೋದ ವರ್ಷ ಜಾನಲೀ ಹೇಳ್ದಾಗ ಈ ಮಾತು ಆಡಿದ್ರೆ ಚೆನ್ನಾಗಿತ್ತು" ಅಂದಳು ತಾಯಿ.

ಅವನು ಗೋಡೆಗೆ ಹಣೆ ಹಚ್ಚಿ ನಿಂತ. ವರ್ಡಾ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಕೇಲೀನ್ ಜಾನಲೀಯನ್ನು ಕರೆತಂದಳು. ನಾನು ಅಂದೇ ಹೇಳಿದ್ದೆ ಎಂಬ ಮಾತು ಜಾನಲೀಯ ಬಾಯಲ್ಲಿ ಬರಲಿಲ್ಲ. "ಹೋಗೋದಾದ್ರೆ ಸರಿಯಾಗಿ ಹೋಗೋಣ" ಅಂದಳಷ್ಟೇ.

"ಆ ಗುಡ್ಡ ಇನ್ನೆಷ್ಟು ಕಾಲ ಹಾಗೇ ಇರುತ್ತೆ?" ಥೇನ್ ಕೇಳಿದ. ಎಷ್ಟೋ ದಿನಗಳ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಹುಲ್ಲು, ಪೊದೆ ಬೇರು ಬಿಟ್ಟು ಮಣ್ಣು ಹಿಡಿಯೋವರೆಗೂ. ಕೆಲವು ವರ್ಷಾನೇ ಬೇಕು. ದಿಬ್ಬದ ಮೇಲೆ ಜಾಗ ಹಿಡೀರಿ, ಅಲ್ಲಿಗೆ ನೀರು ಬರಲ್ಲ. ಆದ್ರೆ ದಾರಿ ಹಳ್ಳದ ಪಕ್ಕದಲ್ಲೇ ಹೋಗುತ್ತಲ್ಲ, ಮರೀಬೇಡಿ. ಹೊರಡೋ ದಿನ ಬೆಳಗ್ಗೆ ಹವಾಮಾನ ನೋಡ್ಬೇಕು, ನಿಮ್ಮ ತಲೆ ಮೇಲಿನದಲ್ಲ, ಸುಟ್ಟ ಗುಡ್ಡದ ಮೇಲಿನದು. ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳ್ಬೇಕು. ಎಲ್ಲಿ ಇಳೀತೀರಿ, ಯಾವತ್ತು ವಾಪಸ್ ಬರ್ತೀರಿ, ನನಗೆ ಹೇಳಿ ಹೋಗ್ಬೇಕು. ಅಲ್ಲಿಗೆ ಹೋದ ಕೂಡ್ಲೇ, ಡೇರೆ ಬಿಚ್ಚೋ ಮೊದ್ಲೇ, ಕಾಲ್ನಡಿಗೇಲಿ ಮೇಲಕ್ಕೆ ಎಲ್ಲಿಂದ ಹತ್ತೋದು ನೋಡ್ಕೋಬೇಕು."

"ಮಳೆ ಅಂತ ಹೇಳಿದ್ರೆ?"

"ಹೋಗೋ ಹಾಗಿಲ್ಲ."

"ಅಮ್ಮ ಕೇಳಲ್ಲ" ಅಂದ ಥೇನ್.

"ಹೋದ ವರ್ಷ ನೀನೂ ಕೇಳ್ಲಿಲ್ಲ" ಅಂದಳು ಜಾನಲೀ. ಮೆಲ್ಲಗೆ ಅಂದಳು, ಆದರೆ ಅಂದಳು.

ಜುಲೈನ ಆ ಬೆಳಗ್ಗೆ ಎಲ್ಲರಿಗಿಂತ ಮೊದಲು ವರ್ಡಾ ಗಾಡಿ ಹತ್ತಿ ಕೂತಿದ್ದಳು. ತೊಡೆಯ ಮೇಲೆ ತಾನೇ ಪಾಕದಲ್ಲಿ ಹಾಕಿಟ್ಟ ಪೀಚ್ ಹಣ್ಣಿನ ಶೀಸೆ. ಥೇನ್ ಸಾಮಾನೆಲ್ಲ ಏರಿಸಿ, ಹವಾಮಾನ ನೋಡಿ, ಅರಣ್ಯ ಕಚೇರಿಗೆ ಫೋನ್ ಮಾಡಿದ. ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಗಾಡಿಯ ಹಿಂದೆ ಹೋಗಿ ಡೇರೆಯ ಮೂಟೆ ಇಳಿಸತೊಡಗಿದ.

"ಏನ್ಮಾಡ್ತಿದೀಯ?" ವರ್ಡಾ ಕೂಗಿದಳು.

"ಮಧ್ಯಾಹ್ನ ಸುಟ್ಟ ಗುಡ್ಡದ ಮೇಲೆ ಗುಡುಗು ಮಳೆ ಬರೋ ಹಾಗಿದೆಯಂತೆ ಅಮ್ಮ. ಬೇಡ."

"ಆಕಾಶ ನೋಡೋ! ಒಂದು ಮೋಡ ಇದ್ಯಾ?"

"ಅವತ್ತೂ ಇರ್ಲಿಲ್ಲ."

"ಒಂದು ವರ್ಷ ಕಾದಿದೀನಿ ಕಣೋ. ಅವನು ಒಬ್ನೇ ಇದಾನೆ ಅಲ್ಲಿ!"

"ಗೊತ್ತು ಅಮ್ಮ."

"ನೀನೇ ಕಳ್ಸಿದ್ದು ಅವನನ್ನ. ನನ್ನನ್ಯಾಕೆ ತಡೀತೀಯ?"

ಥೇನ್‌ನ ಕೈಯಲ್ಲಿದ್ದ ಮೂಟೆ ನೆಲಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತಾ ಹೇಳಿದ: "ಅವನನ್ನ ಕಳ್ಸಿದ್ದಕ್ಕೇ ಅಮ್ಮ."

ವರ್ಡಾ ಇಳಿಯಲಿಲ್ಲ. ಕೇಲೀನ್ ಹೋಗಿ ಪಕ್ಕದಲ್ಲಿ ಕೂತಳು. ಬಿಸಿಲು ಏರಿತು. ನೀರು ಕೊಟ್ಟರೆ ವರ್ಡಾ ಕುಡಿದಳು, ಬ್ರೆಡ್ಡು ಕೊಟ್ಟರೆ ಬೇಡ ಅಂದಳು. ಮಧ್ಯಾಹ್ನ ಕಳೆಯಿತು. ಗುಡ್ಡದ ಮೇಲೆ ಬಿಳಿ ಮೋಡ ಕಟ್ಟಿತು, ಚದುರಿತು. ಎಲ್ಲೂ ಒಂದು ಹನಿ ಬೀಳಲಿಲ್ಲ. ಹೊತ್ತು ಇಳಿಯುವಾಗ ಥೇನ್ ಬಂದು ಬಾಗಿಲ ಬಳಿ ನಿಂತ.

"ಮಳೆ ಬರ್ಲೇ ಇಲ್ಲ" ಅಂದಳು ವರ್ಡಾ.

"ಬರ್ಲಿಲ್ಲ ಅಮ್ಮ."

"ಹೋಗಿದ್ರೆ ಏನೂ ಆಗ್ತಿರ್ಲಿಲ್ಲ."

"ಆಗ್ತಿರ್ಲಿಲ್ಲ. ಇನ್ನೊಂದಿನ ನೋಡೋಣ. ಅವತ್ತೂ ಬೇಡ ಅಂದ್ರೆ ಅವತ್ತೂ ಬೇಡ."

ಅವಳು ಮಗನ ಮುಖ ನೋಡಿದಳು. ಕೇಲೀನ್‌ಗೆ ಶೀಸೆ ಕೊಟ್ಟು, ಇಳಿಸು ಎಂದು ಥೇನ್‌ಗೆ ಕೈ ಚಾಚಿದಳು. ಅವನು ಎತ್ತಿ ಇಳಿಸಿಕೊಂಡ. ಅವನ ಭುಜಕ್ಕೆ ತಲೆಯಿಟ್ಟು ಅವಳು ಅತ್ತಳು. ಅವನನ್ನು ಕ್ಷಮಿಸಿದಳೆಂದು ಹೇಳಲಾಗದು. ಇಳಿದಳು, ಅಷ್ಟೇ.

ಓದುತ್ತಿರುವವರೇ, ಕೇಳುತ್ತಿರುವವರೇ, ರಜೆಗೆ ಗುಡ್ಡಕ್ಕೋ ಹಳ್ಳದ ದಡಕ್ಕೋ ನೀವೂ ಹೊರಡುತ್ತೀರಿ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಜಾಗ ಹಿಡಿಯುವ ಮೊದಲು ಅದರ ಮೇಲುಗಡೆ ಏನಿದೆ ಎಂದು ವಿಚಾರಿಸಿ. ಕಾಡು ಸುಟ್ಟಿದ್ದರೆ ನೀರಿನಿಂದ ದೂರ, ಎತ್ತರದಲ್ಲಿ ಇಳಿಯಿರಿ. ದಾರಿಯಲ್ಲಿ ಎಚ್ಚರಿಕೆಯ ಹಲಗೆ ಕಂಡರೆ ಗಾಡಿ ನಿಲ್ಲಿಸಿ ಓದಿ. ಎಲ್ಲಿರುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ತಿಳಿಸಿ ಹೋಗಿ. ಹೋಗಬೇಡಿ ಅಂದ ದಿನ ಮಳೆ ಬಾರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಒಂದು ದಿನ ವ್ಯರ್ಥವಾಯಿತು ಅಷ್ಟೇ. ಆ ಮನೆಯವರನ್ನು ಕೇಳಿ, ಅಂಥ ಒಂದು ವ್ಯರ್ಥ ದಿನಕ್ಕಾಗಿ ಅವರು ಏನು ಬೇಕಾದರೂ ಕೊಟ್ಟಾರು. ಮತ್ತೆ, ನೀರಿನ ಬಣ್ಣ ಬದಲಾಗಿ ನೀವು ಒಮ್ಮೆ ಮೇಲೆ ಹತ್ತಿದಿರೋ, ಯಾವ ವಸ್ತುವಿಗೂ ಯಾರನ್ನೂ ಕೆಳಗೆ ಕಳಿಸಬೇಡಿ.