ಯಾರೂ ಬರೆಯದ ಚೆಕ್

ಓರೆಸ್ಟ್‌ನನ್ನು ಮಣ್ಣು ಮಾಡಿದ್ದು ಶುಕ್ರವಾರ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನೆಸ್ಟರ್ ಪಿದ್‌ಹಿರ್ನಿ ವರ್ಷದ ಕಾಗದಪತ್ರಗಳನ್ನೆಲ್ಲ ಬೂಟಿನ ಡಬ್ಬಿಯಲ್ಲಿ ತುಂಬಿಕೊಂಡು ಮಿರೇಯ್‌ಳ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಏಪ್ರಿಲ್ ತಿಂಗಳು. ತೆರಿಗೆಯ ಗಡುವು ಯಾರ ಸಾವಿಗೂ ಕಾಯುವುದಿಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಈ ಡುಬ್ರೋವಾದಲ್ಲಿ ಅರ್ಧ ಊರಿನ ತೆರಿಗೆ ಅರ್ಜಿ ತುಂಬುವವಳು ಮಿರೇಯ್‌ಳೇ. ಕ್ವಿಬೆಕ್ ಪ್ರಾಂತ್ಯದಿಂದ ಬಂದು, ಎಡ್ಮಂಟನ್ನಿನಲ್ಲಿ ಅರ್ಥಶಾಸ್ತ್ರ ಓದಿ, ಈ ಊರಿನ ಹುಡುಗ ಓರೆಸ್ಟ್‌ನನ್ನು ಮದುವೆಯಾಗಿ, ಹತ್ತು ವರ್ಷದಿಂದ ಇದೇ ಅಡಿಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತ ಬಂದವಳು. ನೆಸ್ಟರ್ ಪ್ರತಿ ವರ್ಷದ ಮೊದಲ ಗಿರಾಕಿ.

ಪ್ರತಿ ವರ್ಷ ಅವನು ಬರುವ ರೀತಿಯೇ ಬೇರೆ. ‘ಸ್ವತಂತ್ರ ಆಲ್ಬರ್ಟಾ’ ಎಂದು ಬರೆದ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಡಬ್ಬಿಯನ್ನು ಮೇಜಿಗೆ ಕುಕ್ಕಿ, “ಬರಿ ಕ್ವಿಬೆಕ್ಕಮ್ಮ, ಬರಿ! ಎಲ್ಲಾ ನಿಮ್ಮಪ್ಪನ ಮನೆಗೇ ತಾನೆ ಹೋಗೋದು!” ಎನ್ನುತ್ತಿದ್ದ. “ಹೂಂ, ನಮ್ಮಪ್ಪ ದಿನಾ ರಾತ್ರಿ ನಿನ್ನ ಹೆಸರು ಹೇಳೇ ವೈನ್ ಬಗ್ಗಿಸ್ಕೊಳ್ಳೋದು,” ಎಂದು ಮಿರೇಯ್ ಹೇಳುವಷ್ಟರಲ್ಲಿ ಹೊರಗೆ ಬೂಟು ಬಿಚ್ಚುತ್ತಿದ್ದ ಓರೆಸ್ಟ್ ಕೂಗುತ್ತಿದ್ದ: “ಅವಳನ್ನ ಬಯ್ಯಬೇಡವೋ ನೆಸ್ಟರ್! ಕ್ವಿಬೆಕ್ಕಿಗೆ ನಾವು ಕಳಿಸಿದ್ರಲ್ಲಿ ವಾಪಸ್ ಬಂದದ್ದು ಅವಳೊಬ್ಬಳೇ!”

ಈ ಸೋಮವಾರ ನೆಸ್ಟರ್ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ. ಡಬ್ಬಿಯನ್ನು ಮೊಟ್ಟೆಯ ಬುಟ್ಟಿಯಂತೆ ಮೆಲ್ಲಗೆ ಇಟ್ಟ.

“ತೊಂದ್ರೆ ಏನಿಲ್ಲ ತಾನೆ? ಬೇಕಾದ್ರೆ ಮುಂದಿನ ವಾರ ಬರ್ತೀನಿ, ನಿಮಗೆ ಅನುಕೂಲ ಆದಾಗ.”

ನಿಮಗೆ. ಹತ್ತು ವರ್ಷದಲ್ಲಿ ಅವನು ಅವಳಿಗೆ ಬಹುವಚನ ಹಚ್ಚಿದ್ದು ಇದೇ ಮೊದಲು.

“ಕೂತ್ಕೊಳ್ಳಿ,” ಎಂದಳು. ಬರೆಯತೊಡಗಿದಳು. ಅರ್ಧಕ್ಕೆ ನಿಲ್ಲಿಸಿ ಅವನ ಮುಖ ನೋಡಿ ಬೇಕೆಂದೇ ಹೇಳಿದಳು: “ಈ ಸಲ ಜಾಸ್ತಿ ಕಟ್ಟಬೇಕಾಗತ್ತೆ ನೆಸ್ಟರ್. ಕ್ವಿಬೆಕ್ಕಲ್ಲಿ ಶಿಶುವಿಹಾರ ಅಗ್ಗ ನೋಡಿ. ಅದಕ್ಕೆಲ್ಲ ಎಲ್ಲಿಂದಾದ್ರೂ ಬರಬೇಕಲ್ಲ.”

ನೆಸ್ಟರ್‌ನ ಕತ್ತು ಕೆಂಪಾಯಿತು. ಮಿರೇಯ್ ಕಾದಳು. ಅವನು ಗಂಟಲು ಸರಿಮಾಡಿಕೊಂಡ.

“ಮಕ್ಕಳಿಗೆ ತಾನೆ. ಇರಲಿ ಬಿಡಿ,” ಎಂದ. “ನಿಮ್ಮ ತಂದೆಯವರು ಆರೋಗ್ಯವಾಗಿದ್ದಾರಾ?”

ಶವಪೆಟ್ಟಿಗೆಯ ಮುಚ್ಚಳ ಹಾಕಿದಾಗ ಆಗದ ಏನೋ ಒಂದು ಅವಳಿಗೆ ಆಗ ಆಯಿತು. ಪೆನ್ನು ಕೆಳಗಿಟ್ಟಳು.

ಓರೆಸ್ಟ್‌ಗೆ ಮೂವತ್ತಾರು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು ತಲೆನೋವು ಎಂದ, ಕೂತ, ಮತ್ತೆ ಏಳಲಿಲ್ಲ. ಅವಳು ಅತ್ತಿರಲಿಲ್ಲ. ಮೈಯೆಲ್ಲ ಮರಗಟ್ಟಿದಂತಿತ್ತು. ಜನ ಅದನ್ನು ಧೈರ್ಯ ಎಂದುಕೊಂಡರು.

ಅವರಿಬ್ಬರ ಪರಿಚಯವೇ ಜಗಳದಿಂದ ಆದದ್ದು. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಓರೆಸ್ಟ್ ಪಕ್ಕದ ಮೇಜಿನವರಿಗೆ, ಆಲ್ಬರ್ಟಾ ಪ್ರತಿ ವರ್ಷ ಕ್ವಿಬೆಕ್ಕಿಗೆ ಚೆಕ್ ಬರೆದು ಕಳಿಸುತ್ತದೆ ಎಂದು ವಿವರಿಸುತ್ತಿದ್ದ. ಕ್ವಿಬೆಕ್ಕಿನ ರಿಮೂಸ್ಕಿಯಿಂದ ಬಂದ ಹುಡುಗಿ ತಟ್ಟೆ ಎತ್ತಿಕೊಂಡು ಹೋಗಿ ಅವನ ಎದುರು ಕೂತು, “ಎಲ್ಲಿ, ಆ ಚೆಕ್ ತೋರಿಸು” ಎಂದಿದ್ದಳು. ಕ್ಯಾಂಟೀನ್ ಮುಚ್ಚುವವರೆಗೂ ಅವರು ಏಳಲಿಲ್ಲ. ಅವಳ ಅಪ್ಪನೂ ದೇಶ ಒಡೆಯಬೇಕು ಎಂದವನೇ. ತೊಂಬತ್ತೈದರ ಜನಮತಗಣನೆಯಲ್ಲಿ ಕ್ವಿಬೆಕ್ ಕೂದಲೆಳೆಯ ಅಂತರದಲ್ಲಿ ಕೆನಡಾದಲ್ಲೇ ಉಳಿದಾಗ ಅಡಿಗೆಮನೆಯಲ್ಲಿ ನಿಂತು ಅತ್ತವನು. ಒಂದು ಪ್ರತ್ಯೇಕತೆಯಿಂದ ತಪ್ಪಿಸಿಕೊಂಡು ದೇಶದ ಅರ್ಧ ದಾಟಿ ಬಂದು ಇನ್ನೊಂದನ್ನು ಮದುವೆಯಾದೆನಲ್ಲ ಎಂದು ಅವಳೇ ನಗುತ್ತಿದ್ದಳು. ಹತ್ತು ವರ್ಷ, ಬೆಳಗಿನ ಕಾಫಿಯಿಂದ ರಾತ್ರಿ ದೀಪ ಆರಿಸುವವರೆಗೆ. ಉಳಿದ ದಂಪತಿಗಳು ಕೈ ಹಿಡಿದುಕೊಂಡು ಓಡಾಡುವ ಹಾಗೆ ಇವರು ವಾದ ಹಿಡಿದುಕೊಂಡು ಓಡಾಡುತ್ತಿದ್ದರು.

ಈಗ ಊರಿಗೆ ಊರೇ ಅವಳ ಮಾತನ್ನು ಒಪ್ಪತೊಡಗಿತ್ತು.

“ಶನಿವಾರದ ಚರ್ಚೆ ಮುಂದೆ ಹಾಕ್ತಿದಾರೆ,” ಎಂದ ನೆಸ್ಟರ್, ಹೊರಡುವಾಗ. “ಓರೆಸ್ಟೇ ಮಾತಾಡಬೇಕಿತ್ತಲ್ಲ ನಮ್ಮ ಕಡೆಯಿಂದ. ಗೌರವಕ್ಕೆ ಅಂತ.”

ಗೊತ್ತಿತ್ತು. ಕೆನಡಾ ಬಿಡಬೇಕೋ ಇರಬೇಕೋ ಎಂಬ ಚರ್ಚೆ, ಸಮುದಾಯ ಭವನದಲ್ಲಿ, ಮಧ್ಯಾಹ್ನ ಎರಡಕ್ಕೆ. ಓರೆಸ್ಟ್ ಮೂರು ವಾರ ಸ್ನಾನದ ಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದ್ದ. ಪ್ರತಿ ಮಾತಿಗೂ ಅವಳ ಹತ್ತಿರ ಉತ್ತರವಿತ್ತು. ಅಲ್ಲೇ ಹೇಳಿಬಿಟ್ಟರೆ ತಿದ್ದಿಕೊಳ್ಳುತ್ತಾನೆಂದು, ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದು ಇಟ್ಟುಕೊಂಡಿದ್ದಳು. ಆ ಉತ್ತರಗಳೆಲ್ಲ ಇನ್ನೂ ಅವಳ ಬಾಯಲ್ಲೇ ಇದ್ದವು.

“ಮುಂದೆ ಹಾಕೋದು ಬೇಡ,” ಎಂದಳು. “ಇರೋಣ ಅನ್ನೋರ ಕಡೆಯಿಂದ ನಾನು ಮಾತಾಡ್ತೀನಿ. ಓರೆಸ್ಟ್ ಜಾಗದಲ್ಲಿ ನೀವು ನಿಂತ್ಕೊಳ್ಳಿ.”

“ನಾನಾ?” ನೆಸ್ಟರ್ ಟೋಪಿಯನ್ನು ಹಿಂಡಿದ. “ನಿಮ್ಮ ವಿರುದ್ಧನಾ? ಅದು ಹ್ಯಾಗೆ ಸಾಧ್ಯ ಶ್ರೀಮತಿ ಲಿಸಾಕ್?”

ಶನಿವಾರದ ಹೊತ್ತಿಗೆ ಇನ್ನೂ ಹದಿನಾಲ್ಕು ಗಿರಾಕಿಗಳು ಬಂದು ಹೋದರು. ಹದಿನಾಲ್ಕು ಜನವೂ ರಾಜಧಾನಿ ಒಟ್ಟಾವಾವನ್ನು ಒಂದು ಮಾತೂ ಬಯ್ಯದೆ ಸಹಿ ಹಾಕಿದರು.

ಭವನ ತುಂಬಿತ್ತು. ಕುರ್ಚಿ ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಎಡಗಡೆ ‘ಹೋಗೋಣ’ದವರು, ಬಲಗಡೆ ‘ಇರೋಣ’ದವರು, ಹಿಂದೆ ಇಬ್ಬರಿಗೂ ಸೇರಿ ಒಂದೇ ಕಾಫಿ ಹಂಡೆ. ಅಂಚೆ ಕಚೇರಿಯಿಂದ ನಿವೃತ್ತಳಾದ ಗ್ಲೆನಿಸ್ ಅಧ್ಯಕ್ಷೆ. ಗಂಟೆ ಇಲ್ಲದ್ದರಿಂದ ಸೂಪಿನ ಸೌಟು ಹಿಡಿದು ಕೂತಿದ್ದಳು. ಎಡಗಡೆ ಮೂರನೇ ಸಾಲಿನಲ್ಲಿ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ಓರೆಸ್ಟ್‌ನ ತಾಯಿ ಸ್ಟೆಫಾ. ಎಪ್ಪತ್ತು ವರ್ಷ, ಸಮಾಧಿಯ ಬಳಿಯೂ ಯಾರ ತೋಳೂ ಹಿಡಿಯದೆ ನಿಂತವಳು. ಅತ್ತೆ ಸೊಸೆ ಅಂದಿನಿಂದ ಮಾತಾಡಿರಲಿಲ್ಲ. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿದಿರಲಿಲ್ಲ.

ಮೊದಲು ನೆಸ್ಟರ್. ಟೋಪಿಯಿಲ್ಲದೆ ಅವನ ತಲೆ ಸುಲಿದ ಆಲೂಗಡ್ಡೆಯಂತೆ ಕಾಣುತ್ತಿತ್ತು. “ಎರಡೂ ಕಡೆ ಒಳ್ಳೇ ಅಂಶಗಳಿವೆ,” ಎಂದ. ಎರಡು ನಿಮಿಷದಲ್ಲಿ ಕೂತುಬಿಟ್ಟ.

ಮಿರೇಯ್ ಎದ್ದಳು. ಅವಳೇನೂ ಉಳಿಸಿಕೊಳ್ಳಲಿಲ್ಲ. ಸಮುದ್ರವಿಲ್ಲದ ದೇಶ ಕಟ್ಟಿಕೊಂಡು ಎಣ್ಣೆಯನ್ನು ಯಾರ ಹಿತ್ತಿಲಿನಿಂದ ಸಾಗಿಸುತ್ತೀರಿ ಎಂದು ಕೇಳಿದಳು. ನಿಮ್ಮ ಪಿಂಚಣಿಯನ್ನು ಯಾರು ಕೊಡುತ್ತಾರೆ, ಯಾವ ನೋಟಿನಲ್ಲಿ ಕೊಡುತ್ತಾರೆ ಎಂದಳು. ತನ್ನದೇ ಮಾರಾಟ ತೆರಿಗೆ ಹಾಕದ ಪ್ರಾಂತ್ಯ ಇದೊಂದೇ, ಆದರೂ ದೇಶದಲ್ಲೆಲ್ಲ ಗಟ್ಟಿಯಾಗಿ ಅಳುವವರು ನೀವೇ ಎಂದಳು. ಕೊನೆಗೆ, ಅವರ ರಕ್ತ ಕುದಿಯಲೇಬೇಕೆಂದು, “ಕ್ವಿಬೆಕ್ಕಿನವರಿಗೆ ಬೇರೆ ಆಗೋದಾದರೂ ಸರಿಯಾಗಿ ಗೊತ್ತಿತ್ತು. ನಿಮಗೆ ಅದೂ ಬರಲ್ಲ,” ಎಂದಳು.

ಆಮೇಲೆ ಚಪ್ಪಾಳೆ. ಬಲಗಡೆಯಿಂದ ಅಷ್ಟೇ ಅಲ್ಲ, ಎಡಗಡೆಯಿಂದಲೂ. ನೆಸ್ಟರ್ ಎದ್ದು ನಿಂತು ತಟ್ಟುತ್ತಿದ್ದ. ಯಾರೋ ಹೆಂಗಸು ಕಣ್ಣೊರೆಸಿಕೊಂಡಳು.

ಮಿರೇಯ್ ಮೇಜಿಗೆ ಅಂಗೈ ಬಡಿದಳು. ನೀರಿನ ಲೋಟ ಉರುಳಿತು.

“ನಿಲ್ಲಿಸಿ! ಒಬ್ಬರಿಗೂ ನನ್ನ ಮಾತು ತಪ್ಪು ಅನ್ನಿಸಲಿಲ್ವಾ? ಹೋದ ತಿಂಗಳು ಇದೇ ಮಾತಿಗೆ ನನ್ನನ್ನ ಇಲ್ಲಿಂದ ಹೊರಗೆ ಅಟ್ತಿದ್ರಲ್ಲ! ನೆಸ್ಟರ್, ನೀವು ನನಗೆ ಚಪ್ಪಾಳೆ ತಟ್ತೀರಾ? ನನಗೆ? ಓರೆಸ್ಟ್ ಇದ್ದಿದ್ರೆ...” ಇನ್ನೂರು ಜನ ನೆಲ ನೋಡಿದರು.

“ಸುಳ್ಳು.”

ಮೂರನೇ ಸಾಲಿನಲ್ಲಿ ಕಪ್ಪು ವಸ್ತ್ರ ಎದ್ದು ನಿಂತಿತ್ತು.

“ಶುದ್ಧ ಸುಳ್ಳು,” ಎಂದಳು ಸ್ಟೆಫಾ. “ಓದಿದೋಳು ಅಂತ ಬಾಯಿಗೆ ಬಂದದ್ದು ಹೇಳಬೇಡ. ವರ್ಷಾ ವರ್ಷಾ ನಾವು ಕ್ವಿಬೆಕ್ಕಿಗೆ ಚೆಕ್ ಬರೆದು ಕಳಿಸ್ತೀವಿ. ಅದನ್ನ ಯಾಕೆ ಹೇಳಲಿಲ್ಲ?”

ಮಿರೇಯ್‌ಳ ಕಿವಿ ಬಿಸಿಯಾಯಿತು. ಅದೇ ಚೆಕ್. ಅದೇ ತಪ್ಪು, ಅದೇ ಹಟದಲ್ಲಿ, ಗದ್ದ ಮುಂದೆ ಮಾಡಿ.

“ಚೆಕ್ಕೇ ಇಲ್ಲಮ್ಮ!” ಎಂದು ಕೂಗಿದಳು. “ಹತ್ತು ವರ್ಷ ಬಡ್ಕೊಂಡೆ ನಿಮ್ಮ ಮಗನ ಹತ್ರ! ಯಾರೂ ಚೆಕ್ ಬರೆಯಲ್ಲ! ದೇಶದವರೆಲ್ಲ ಕಟ್ಟೋ ಆದಾಯ ತೆರಿಗೆಯಿಂದ ಒಟ್ಟಾವಾ ಕೊಡೋದು. ಅದರಲ್ಲಿ ನಮ್ಮಪ್ಪ ಕಟ್ಟಿದ್ದೂ ಇದೆ!”

“ಬರೆಯೋ ಕೈ ಯಾರದಾದ್ರೇನು? ಹೋಗೋ ದುಡ್ಡು ನಂದು!”

ಎಡಗಡೆಯಿಂದ ಒಂದು ಹೋ ಎಂಬ ಸದ್ದು ಎದ್ದಿತು. ವಾರದಿಂದ ಬಿಗಿಹಿಡಿದಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟಂತೆ.

“ಪೈಪ್‌ಲೈನು!” ಎಂದು ನೆಸ್ಟರ್ ಕಿರುಚಿದ. “ಸ್ಟೆಫಾ, ನಮ್ಮ ಎಣ್ಣೆ ಪೈಪ್‌ಲೈನ್ ಯಾಕೆ ತಡೆದ್ರು ಕೇಳು!”

“ಕೇಳೋದೇನು? ಬೇರೆಯಾದ್ಮೇಲೆ ಪೈಪನ್ನ ಆಕಾಶಕ್ಕೆ ಇಡ್ತೀಯೇನೋ?” ಬಲಗಡೆಯಿಂದ ಯಾರೋ.

“ನಿನ್ನ ಬಾಯಿಗೆ ಇಡ್ತೀನಿ!”

ಗ್ಲೆನಿಸ್ ಸೌಟು ಬಡಿದಳು. ಯಾರೂ ಲೆಕ್ಕಕ್ಕಿಡಲಿಲ್ಲ. ಮಿರೇಯ್ ವೇದಿಕೆ ಇಳಿದು ಸಾಲುಗಳ ನಡುವೆ ಬಂದಿದ್ದಳು. ಸ್ಟೆಫಾ ಜನರ ಮೊಣಕಾಲು ದಾಟಿಕೊಂಡು ನಡುದಾರಿಗೆ ಬಂದಿದ್ದಳು. ಅತ್ತೆ ಸೊಸೆಯ ನಡುವೆ ಒಂದು ಮೊಳ ಅಂತರ.

“ಈ ನೆಲ ನಿಮ್ಮದು ಅಂತ ಬೇರೆ ಮಾಡೋಕೆ ಹೊರಟಿದೀರಲ್ಲ,” ಎಂದಳು ಮಿರೇಯ್. “ಒಪ್ಪಂದ ಆಗಿರೋದು ಇಲ್ಲಿನ ಮೂಲನಿವಾಸಿ ಕ್ರೀ ಜನರಿಗೂ ಬ್ರಿಟನ್ನಿನ ರಾಣಿಗೂ. ನಿಮ್ಮ ತಾತ ಬಂದದ್ದು ಅದಾದ ಮೇಲೆ!”

“ನಮ್ಮ ತಾತನ ವಿಷಯ ನನಗೆ ಹೇಳ್ತೀಯಾ? ಕಲ್ಲು ಆರಿಸಿ ಆರಿಸಿ ಉಗುರು ಕಿತ್ತುಹೋಗಿತ್ತು ಅವನಿಗೆ. ಮೊದಲ ಮಹಾಯುದ್ಧ ಬಂದಾಗ, ನೀನು ಉಕ್ರೇನಿನವನು, ಶತ್ರು ಅಂತ ಮುಳ್ಳುತಂತಿ ಒಳಗೆ ಕೂಡಿಹಾಕಿದ್ದು ಯಾರು? ನಿನ್ನ ಒಟ್ಟಾವಾ! ಇದಕ್ಕೆ ಹೇಳು ಉತ್ತರ!”



“ಉತ್ತರ ಇಲ್ಲ! ಕ್ವಿಬೆಕ್ಕಮ್ಮ ಸೋತ್ಲು!” ನೆಸ್ಟರ್ ಕುರ್ಚಿಯ ಮೇಲೆ ಹತ್ತಿಬಿಟ್ಟಿದ್ದ. ಟೋಪಿ ಯಾವಾಗಲೋ ತಲೆಗೆ ಏರಿತ್ತು.

“ಸೋತಿಲ್ಲ ಕಣೋ, ಉಸಿರು ತಗೊಳ್ತಿದೀನಿ!” ಎಂದಳು. ನಿಜವಾಗಿ ತೆಗೆದುಕೊಳ್ಳುತ್ತಿದ್ದಳು. ಮರಗಟ್ಟಿದ್ದ ಬೆರಳ ತುದಿ ಜುಮ್ಮೆನ್ನುತ್ತಿತ್ತು. “ಕೂಡಿಹಾಕಿದ್ದು ತಪ್ಪು. ಒಪ್ಪಿದೆ. ಅದಕ್ಕೆ ಅಂತ ಮೊಮ್ಮಕ್ಕಳ ಪಾಸ್‌ಪೋರ್ಟ್ ಹರಿದು ಹಾಕ್ತೀರಾ?”

“ಮೊದಲು ನನ್ನ ಕಂಬದ ಕೊಳವೆ ವಾಪಸ್ ಕೊಡು! ಆಮೇಲೆ ನ್ಯಾಯ ಮಾತಾಡು!”

ಸಭೆ ತಬ್ಬಿಬ್ಬಾಯಿತು. ಮಿರೇಯ್ ಕೂಡ.

“ಯಾವ ಕೊಳವೆ?”

“ಬೇಲಿ ಕಂಬ ಹೊಡೆಯೋ ಕಬ್ಬಿಣದ ಕೊಳವೆ! ಎರಡು ಹಿಡಿ ಇರೋದು! ಫೆಬ್ರವರೀಲಿ ಇಸ್ಕೊಂಡು ಹೋದ ನಿನ್ನ ಗಂಡ. ಬೇಲಿಗೇನೋ ಅಂದ್ಕೊಂಡೆ.” ಸ್ಟೆಫಾ ಸಭೆಯ ಕಡೆ ತಿರುಗಿದಳು, ಇಡೀ ಊರಿಗೆ ದೂರು ಕೊಡುವವಳಂತೆ. “ಬೇಲಿಗಲ್ಲ! ಇವಳ ಬೋರ್ಡ್ ನೆಡೋದಕ್ಕೆ! ‘ಕೆನಡಾದಲ್ಲೇ ಇರೋಣ’ ಅನ್ನೋ ಬೋರ್ಡು! ಆಮೇಲೆ ಕೇಳಿದ್ರೆ, ನೆಲ ಹಿಮಕ್ಕೆ ಕಲ್ಲಾಗಿದೆ, ಅವಳ ಕೈಲಿ ಆಗಲ್ಲಮ್ಮ ಅಂದ. ನನ್ನ ಹೊಟ್ಟೇಲಿ ಹುಟ್ಟಿದೋನು, ನನ್ನದೇ ಕೊಳವೆ ತಗೊಂಡು!”

ಭವನ ನಗುವಿನಲ್ಲಿ ಬಿರಿಯಿತು. ಎಡಗಡೆಯವರು ತೊಡೆ ತಟ್ಟಿಕೊಂಡರು, ಬಲಗಡೆಯವರು ಶಿಳ್ಳೆ ಹಾಕಿದರು. ನೆಸ್ಟರ್, “ದ್ರೋಹಿ! ನಮ್ಮ ಓರೆಸ್ಟ್ ದ್ರೋಹಿ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಮಿರೇಯ್‌ಗೆ ಇದು ಗೊತ್ತಿರಲಿಲ್ಲ. ಆ ದಿನ ಪೇಟೆಯಿಂದ ಮನೆಗೆ ಬಂದಾಗ ಅಂಗಳದಲ್ಲಿ ಬೋರ್ಡು ನಿಂತಿತ್ತು. ಇರೋಣದ ಕಡೆಯ ಹುಡುಗರು ಬಂದು ನೆಟ್ಟು ಹೋದರೆಂದು ಅವಳು ತಿಳಿದಿದ್ದಳು. ಓರೆಸ್ಟ್ ಕಿಟಕಿಯಲ್ಲಿ ನಿಂತು, “ಎಂಥ ಹಾಳು ಬೋರ್ಡು, ನೋಟವೇ ಕೆಟ್ಟುಹೋಯ್ತು,” ಎಂದು ಅಂಗೈ ಉಜ್ಜಿಕೊಳ್ಳುತ್ತಿದ್ದ.

ಅವಳು ನಗುತ್ತಿದ್ದಳು. ನಗು ಎಲ್ಲೋ ತಿರುಗಿತು. ಮುಖ ಒದ್ದೆಯಾಗಿದೆ ಎಂದು ತಿಳಿದದ್ದು ಸ್ಟೆಫಾ ತನ್ನ ಕರವಸ್ತ್ರ ಅವಳ ಕೈಗೆ ತುರುಕಿದಾಗ.

“ಒರೆಸ್ಕೊ,” ಎಂದಳು ಸ್ಟೆಫಾ, ಒರಟಾಗಿ. “ಇನ್ನೂ ಮುಗಿದಿಲ್ಲ. ಆ ಮಾರಾಟ ತೆರಿಗೆ ವಿಷಯ ಅಂದೆಯಲ್ಲ, ಬಾ, ಅದನ್ನ ನೋಡೋಣ.”

ಚರ್ಚೆ ಐದೂವರೆವರೆಗೆ ನಡೆಯಿತು. ಕೈ ಎತ್ತಿಸಿದಾಗ ಯಾರು ಗೆದ್ದರೆಂದು ಗ್ಲೆನಿಸ್‌ಗೆ ಎಣಿಸಲಾಗಲಿಲ್ಲ. ಜನ ಎರಡೆರಡು ಕೈ ಎತ್ತಿದ್ದರು.

ಭಾನುವಾರ ಬೆಳಿಗ್ಗೆ ಮಿರೇಯ್ ಕೊಟ್ಟಿಗೆಯ ಹಿಂದೆ ಹುಡುಕಿದಳು. ಗೋಡೆಯ ನೆರಳಿನಲ್ಲಿ ಉಳಿದಿದ್ದ ಕೊನೆಯ ಹಿಮದಲ್ಲಿ ಅರ್ಧ ಹೂತು ಕೊಳವೆ ಒರಗಿತ್ತು. ಎತ್ತಲು ಎರಡು ಸಲ ಉಸಿರು ಕಟ್ಟಬೇಕಾಯಿತು. ಓರೆಸ್ಟ್‌ನ ಪಿಕಪ್ಪಿನಲ್ಲಿ ಹಾಕಿಕೊಂಡು, ಅವನ ಉದ್ದ ಕಾಲಿಗೆ ಹೊಂದಿಸಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಸ್ಟೆಫಾಳ ಹೊಲದ ಮನೆಗೆ ಹೋದಳು.

ಸ್ಟೆಫಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕೊಳವೆಯನ್ನು ಮೇಲಿಂದ ಕೆಳಗೆ ನೋಡಿದಳು.

“ತುಕ್ಕು ಹಿಡಿಸಿದೀಯ.”

“ನಾನಲ್ಲ, ನಿಮ್ಮ ಮಗ.”

“ನನ್ನ ಮಗನ ಬಗ್ಗೆ ಒಂದು ಮಾತು ಆಡಬೇಡ.” ಒಂದು ಹಿಡಿಯನ್ನು ಅವಳೇ ಹಿಡಿದಳು. ಇನ್ನೊಂದು ಮಿರೇಯ್‌ಳ ಕೈಯಲ್ಲಿತ್ತು. ಇಬ್ಬರೂ ಕೆಸರಿನ ಅಂಗಳದಲ್ಲಿ ಅದನ್ನು ಹೊತ್ತು ಉಪಕರಣದ ಕೋಣೆಯ ಕಡೆ ನಡೆದರು. “ರಾತ್ರಿಯೆಲ್ಲ ಯೋಚನೆ ಮಾಡಿದೆ,” ಎಂದಳು ಸ್ಟೆಫಾ, ಏದುಸಿರು ಬಿಡುತ್ತ. “ಪಿಂಚಣಿ ಬಗ್ಗೆ ಹೇಳಿದೆಯಲ್ಲ, ಅದೂ ಸುಳ್ಳು.”

“ಹ್ಯಾಗೆ ಸುಳ್ಳು? ಹೇಳಿ ನೋಡೋಣ.”

“ಹೇಳ್ತೀನಿ. ಮೊದಲು ಇದನ್ನ ಅಲ್ಲಿಡು. ಅಲ್ಲಲ್ಲ, ಗೋಡೆಗೆ.”

ಮಿರೇಯ್ ಗೋಡೆಗೆ ಒರಗಿಸಿಟ್ಟಳು.